ಬಳೆ ಏರದ ಕೈ

ಕೆಲವು ವರ್ಷಗಳ ಹಿಂದಿನ ಮಾತು. ಸಯನ್‌ನ ಒಂದು ಸಣ್ಣ ಸಭಾಗೃಹದಲ್ಲಿ ನಮ್ಮ ಬಳಗದ ಮನೆಯೊಂದರ ಸೊಸೆಗೆ ಸೀಮಂತ. ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಮಡಿಲು ತುಂಬುವ ಶಾಸ್ತ್ರ ಮುಗಿದು ಬಳೆ ತೊಡಿಸುವ ಹೊತ್ತಿಗೆ ಬಳೆಗಳು ಕೈಗೆ ಏರಲೊಲ್ಲವು. ತಿಂಗಳ ಹಿಂದಷ್ಟೇ ಅಳತೆ ಕೊಟ್ಟು ತರಿಸಿದ ಹಸಿರು ಗಾಜಿನ ಬಳೆಗಳು ಅವು. ಒಂದೆರಡು ಒಡೆದವು, ಉಳಿದವನ್ನು ಸೋಪಿನ ನೀರು ಹಚ್ಚಿ ಹೇಗೋ ಏರಿಸಿದೆವು. “ಕೂಸು ತಾಯಿಗೆ ಚೆನ್ನಾಗಿ ಉಣಿಸುತ್ತಿದೆ” ಎಂದು ಹಿರಿಯರೊಬ್ಬರು ನಗೆಯಾಡಿದರು. ಮುಖ ತುಂಬಿಕೊಂಡಿದೆ, ತಾಯಿಕಳೆ ಬಂದಿದೆ ಎಂದು ನಾವೂ ಹೊಗಳಿದೆವು. ಹುಡುಗಿ ಮೆಲ್ಲನೆ, ತಲೆ ಬಹಳ ನೋಯುತ್ತಿದೆ ಎಂದಳು. ಬೆಳಗಿನಿಂದ ಹಸೆಮಣೆಯ ಮೇಲೆ ಕುಳಿತ ದಣಿವು, ಇಷ್ಟು ಜನರ ದೃಷ್ಟಿ ಬೇರೆ ತಾಗಿರಬೇಕು ಎಂದುಕೊಂಡು ಉಪ್ಪು ಮೆಣಸಿನಕಾಯಿ ನಿವಾಳಿಸಿ ಕಳಿಸಿಕೊಟ್ಟೆವು. ನಾಲ್ಕು ದಿನಗಳ ಬಳಿಕ ಮತ್ಸ್ಯಗಂಧಾ ರೈಲಿನಲ್ಲಿ ಅವಳು ತವರಿಗೆ ಹೊರಡುವುದೆಂದು ಮೊದಲೇ ನಿಶ್ಚಯವಾಗಿತ್ತು.

ಆ ರೈಲನ್ನು ಅವಳು ಹತ್ತಲಿಲ್ಲ. ಮೂರನೆಯ ರಾತ್ರಿ ಪಕ್ಕೆಲುಬಿನ ಕೆಳಗೆ ನೋವು ಎದ್ದಿತು. ಮನೆಯವರು ಗ್ಯಾಸ್ ಎಂದು ಮಾತ್ರೆ ಕೊಟ್ಟರು. ಬೆಳಗಿನ ಜಾವ ಕಣ್ಣು ಮಂಜಾಗುತ್ತಿದೆ ಎಂದಳು. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಫಿಟ್ಸ್ ಬಂದಿತು. ಅವಳು ಉಳಿದಳು, ಎರಡು ತಿಂಗಳು ಮುಂಚೆಯೇ ಹುಟ್ಟಿದ ಮಗುವೂ ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದು ಉಳಿಯಿತು. ಆದರೆ ಆ ಬೆಳಿಗ್ಗೆ ಕರ್ತವ್ಯದಲ್ಲಿದ್ದ ವೈದ್ಯೆ ಕೇಳಿದ ಪ್ರಶ್ನೆಗಳನ್ನು ನಾವು ಮರೆಯಲಾರೆವು. ತಲೆನೋವು ಯಾವತ್ತಿನಿಂದ? ಕೈ, ಮುಖ ಊದಿದ್ದು ಯಾವಾಗ? ಮೇಲುಹೊಟ್ಟೆಯ ನೋವು ಎಷ್ಟು ಹೊತ್ತಿನಿಂದ? ಎಲ್ಲ ಪ್ರಶ್ನೆಗಳಿಗೂ ನಮ್ಮಲ್ಲಿ ಉತ್ತರವಿತ್ತು. ಸೀಮಂತದ ಚಿತ್ರಗಳಲ್ಲಿ, ನಮ್ಮೆಲ್ಲರ ಮೊಬೈಲುಗಳಲ್ಲಿ, ಆ ಊದಿದ ಮುಖ ನಗುತ್ತಿತ್ತು.

ಈ ಬರಹ ಆ ಬೆಳಗಿನಿಂದ ಹುಟ್ಟಿದೆ. ಗರ್ಭಿಣಿಯ ಅಪಾಯದ ಸೂಚನೆಗಳು ರಹಸ್ಯವೇನಲ್ಲ. ಆಸ್ಪತ್ರೆಗಳ ಗೋಡೆಯ ಮೇಲೆ ಚಿತ್ರಸಹಿತ ತೂಗುಹಾಕಿರುತ್ತಾರೆ. ಆದರೂ ಅವು ಮನೆಯೊಳಗೆ ಬಂದಾಗ ನಮಗೆ ಗುರುತು ಸಿಗುವುದಿಲ್ಲ, ಏಕೆಂದರೆ ಮನೆಯಲ್ಲಿ ಅವುಗಳಿಗೆ ಆಗಲೇ ಬೇರೆ ಹೆಸರಿಟ್ಟಾಗಿರುತ್ತದೆ: ದಣಿವು, ಗ್ಯಾಸ್, ದೃಷ್ಟಿ, ಕಳೆ. ಊರು ಬಿಟ್ಟು ಬದುಕುವ ನಮಗೆ ಇನ್ನೊಂದು ತೊಡಕೂ ಇದೆ. ಗುರುತು ಸಿಕ್ಕ ಸೂಚನೆಯನ್ನು ಮತ್ತೊಂದು ಭಾಷೆಯಲ್ಲಿ, ಅವಸರದಲ್ಲಿ, ಅಪರಿಚಿತರಿಗೆ ಹೇಳಬೇಕಾಗುತ್ತದೆ. ಆದ್ದರಿಂದ ಇದು ವೈದ್ಯರ ವಿಷಯ, ಸಾಹಿತ್ಯದ ಬಳಗಕ್ಕೆ ಇದರಲ್ಲೇನು ಕೆಲಸ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಕನ್ನಡದ ಮಾತನ್ನು ಕಾಯುವುದಾಗಿ ಹೇಳಿಕೊಳ್ಳುವವರು ಈ ಮಾತನ್ನೂ ಕಾಯಬೇಕು ಎಂಬುದು ನಮ್ಮ ವಾದ.

ಸಯನ್‌ನಲ್ಲಿ ಕುಳಿತು ಈ ಮಾತು ಹೇಳುವುದಕ್ಕೆ ಕಾರಣವಿದೆ. ‘ಸಯನ್ ಆಸ್ಪತ್ರೆ’ ಎಂದೇ ಎಲ್ಲರ ಬಾಯಲ್ಲಿರುವ ಲೋಕಮಾನ್ಯ ತಿಲಕ್ ಮಹಾನಗರಪಾಲಿಕೆ ಆಸ್ಪತ್ರೆ ಇಲ್ಲಿದೆ. ಅದರ ಮಗ್ಗುಲಲ್ಲೇ ಧಾರಾವಿ. ಹೆರಿಗೆ ವಿಭಾಗದ ಹೊರಗೆ ಒಂದು ಗಳಿಗೆ ನಿಂತರೆ ಮರಾಠಿ, ಹಿಂದಿ, ತಮಿಳು, ತೆಲುಗು, ಕಲಬುರಗಿ ಸೀಮೆಯ ಕನ್ನಡ, ಕರಾವಳಿಯ ತುಳು ಎಲ್ಲವೂ ಕಿವಿಗೆ ಬೀಳುತ್ತವೆ. ಇದೇ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವೈದ್ಯೆಯಾಗಿದ್ದ, ಮುಂದೆ ಡೀನ್ ಕೂಡ ಆದ ಡಾ. ಆರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕನ್ನು ಆರಂಭಿಸಿದರು. ಮಗುವನ್ನು ಉಳಿಸುವ ಕೆಲಸ ಆಸ್ಪತ್ರೆಯ ಬಾಗಿಲಿನಿಂದಾಚೆಗೆ, ಓಣಿಗಳಲ್ಲಿ, ಗರ್ಭಿಣಿಯ ಮನೆಯಲ್ಲಿ ಶುರುವಾಗಬೇಕೆಂದು ಕಂಡುಕೊಂಡ ಅವರು 1999ರಲ್ಲಿ ‘ಸ್ನೇಹಾ’ ಸಂಸ್ಥೆಯನ್ನು ಕಟ್ಟಿದರು. ನಮ್ಮ ನೆರೆಯಲ್ಲೇ ನಡೆದ ಈ ಕೆಲಸದ ಅರಿವು ನಮಗೆ ಇಷ್ಟು ತಡವಾಗಿ ಆದದ್ದು ನಮ್ಮ ಸಂಕೋಚಗಳಲ್ಲೊಂದು.

1994ರಲ್ಲಿ ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಇಬ್ಬರು ಸಂಶೋಧಕಿಯರು ತಾಯಂದಿರ ಸಾವಿನ ಹಿಂದೆ ಮೂರು ವಿಳಂಬಗಳಿವೆ ಎಂದು ತೋರಿಸಿದರು. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ ಮೊದಲನೆಯದು, ಆಸ್ಪತ್ರೆಯನ್ನು ತಲುಪುವಲ್ಲಿ ಎರಡನೆಯದು, ತಲುಪಿದ ಮೇಲೆ ತಕ್ಕ ಚಿಕಿತ್ಸೆ ಸಿಗುವಲ್ಲಿ ಮೂರನೆಯದು. ಸಯನ್‌ನಂತಹ ಜಾಗದಲ್ಲಿ ಎರಡನೆಯ ವಿಳಂಬ ಕಡಿಮೆ. ಕೂಗಳತೆಯಲ್ಲಿ ದೊಡ್ಡಾಸ್ಪತ್ರೆ ಇದೆ. ನಮ್ಮ ಮನೆಯ ಹುಡುಗಿ ಕಳೆದುಕೊಂಡ ಮೂರು ದಿನಗಳು ಪೂರ್ತಿಯಾಗಿ ಮೊದಲ ವಿಳಂಬಕ್ಕೆ ಸೇರಿದವು. ದಾರಿ ದೂರವಿರಲಿಲ್ಲ, ಹಣದ ಅಡಚಣೆಯಿರಲಿಲ್ಲ, ವಿದ್ಯೆಗೂ ಕೊರತೆಯಿರಲಿಲ್ಲ. ‘ಬಸುರಿಗೆ ಇದೆಲ್ಲ ಇದ್ದದ್ದೇ’ ಎಂಬ ಮಾತು ಆ ಮೂರು ದಿನಗಳನ್ನು ನುಂಗಿತು.

ಈ ಮಾತು ಪ್ರೀತಿಯಿಂದಲೇ ಬರುತ್ತದೆ, ಅದೇ ಅದರ ಬಲ. ನಾಲ್ಕು ಹೆತ್ತ ಅತ್ತೆ ಅದನ್ನು ಹೇಳುವಾಗ ಅನುಭವದ ತೂಕವಿರುತ್ತದೆ. ಅನುಭವ ಸುಳ್ಳಲ್ಲ, ಆದರೆ ಬದುಕಿ ಉಳಿದವರ ಅನುಭವ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2,60,000 ಹೆಂಗಸರು ಗರ್ಭ ಮತ್ತು ಹೆರಿಗೆಯ ಕಾರಣದಿಂದ ಸತ್ತರು; ದಿನಕ್ಕೆ ಏಳುನೂರಕ್ಕೂ ಹೆಚ್ಚು. ನಮ್ಮ ದೇಶದ 2018–20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ತಾಯಂದಿರ ಮರಣ 97. ಮಹಾರಾಷ್ಟ್ರದಲ್ಲಿ 33, ಕೇರಳದಲ್ಲಿ 19, ನಮ್ಮ ಕರ್ನಾಟಕದಲ್ಲಿ 69. ದಕ್ಷಿಣದ ರಾಜ್ಯಗಳಲ್ಲೆಲ್ಲ ಅದೇ ಹೆಚ್ಚು. ತವರೆಂದರೆ ಸುರಕ್ಷಿತ ಎಂಬ ನಮ್ಮ ನಂಬಿಕೆಯನ್ನು ಈ ಅಂಕಿಗಳ ಮುಂದೆ ಒಮ್ಮೆ ಇಟ್ಟು ನೋಡಬೇಕು.

ಹಾಗಾದರೆ ಯಾವುದು ‘ಇದ್ದದ್ದೇ’, ಯಾವುದು ಅಲ್ಲ? ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ (1934–1991) ಅವರು ‘ತಾಯಿ-ಮಗು’ ಪುಸ್ತಕವನ್ನು ಬರೆದಾಗ ಇಂಥ ಪ್ರಶ್ನೆಗಳಿಗೆ ಮನೆಯ ಹೆಂಗಸರಿಗೆ ತಿಳಿಯುವ ಕನ್ನಡದಲ್ಲಿ ಉತ್ತರ ಹೇಳಬಹುದೆಂದು ತೋರಿಸಿಕೊಟ್ಟರು. ಒಂದು ತಲೆಮಾರಿನ ಮದುವೆ ಮನೆಗಳಲ್ಲಿ ಅವರ ಪುಸ್ತಕಗಳು ಉಡುಗೊರೆಯಾಗಿ ಕೈಯಿಂದ ಕೈಗೆ ಹೋದವು. ಆ ಧೈರ್ಯದಿಂದಲೇ ನಾವು ಇಲ್ಲಿ ಸೂಚನೆಗಳನ್ನು ಮನೆಮಾತಿನಲ್ಲಿ ಹೇಳಲು ಹೊರಟಿದ್ದೇವೆ.

ಸಂಜೆಗೆ ಪಾದ ಸ್ವಲ್ಪ ಊದಿ, ಕಾಲು ಎತ್ತಿಟ್ಟು ಮಲಗಿದರೆ ಇಳಿಯುವುದು ಬಹಳ ಬಸುರಿಯರಲ್ಲಿ ಕಾಣುವಂಥದ್ದು. ಆದರೆ ಮುಖ, ಕೈಗಳು ದಿಢೀರನೆ ಊದಿದರೆ, ಉಂಗುರ ಬಿಗಿದರೆ, ಬಳೆ ಏರದಿದ್ದರೆ ಅಂದೇ ರಕ್ತದೊತ್ತಡ ಅಳೆಸಬೇಕು. ಬಿಡದೆ ಕಾಡುವ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕಣ್ಣ ಮುಂದೆ ಮಿಂಚು ಹೊಳೆದಂತಾಗುವುದು, ಬಲ ಪಕ್ಕೆಯ ಕೆಳಗೆ ಅಥವಾ ಎದೆಗೂಡಿನ ಕೆಳಗೆ ನೋವು, ಇವು ಆ ಊತದ ಜೊತೆಗಾರರು, ಊತವಿಲ್ಲದೆಯೂ ಬರಬಹುದು. ಐದು ತಿಂಗಳು ಕಳೆದ ಮೇಲೆ ಮೊದಲ ಬಾರಿಗೆ ರಕ್ತದೊತ್ತಡ 140/90 ಅಥವಾ ಅದಕ್ಕೆ ಮೇಲೇರಿ ನಿಂತರೆ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ, ಅದು ಹಿರಿಯರು ನಂಜು ಎನ್ನುತ್ತಿದ್ದ, ವೈದ್ಯರು ಪ್ರಿಎಕ್ಲಾಂಪ್ಸಿಯಾ ಎನ್ನುವ ಕಾಯಿಲೆ. 160/110 ತಲುಪಿದರೆ ಗಂಟೆಗಳ ಲೆಕ್ಕ. ಇದು ಕೈಮೀರಿದಾಗ ಫಿಟ್ಸ್ ಬರುತ್ತದೆ. ಅದನ್ನು ದೆವ್ವವೆಂದೋ ಹಳೆಯ ಮೂರ್ಛೆರೋಗವೆಂದೋ ತಿಳಿದು ಕೈಗೆ ಕಬ್ಬಿಣ ಕೊಡುತ್ತ ಕೂರುವ ಮನೆಗಳು ಇಂದಿಗೂ ಇವೆ. ಇದಕ್ಕೆ ಒಳ್ಳೆಯ, ಅಗ್ಗದ ಔಷಧವಿದೆ: ಮೆಗ್ನೀಸಿಯಂ ಸಲ್ಫೇಟ್. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನೊಳಗೊಂಡು 2002ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು, ಈ ಔಷಧ ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ ಎಂದು ಕಂಡುಕೊಂಡಿತು. ಔಷಧ ಆಸ್ಪತ್ರೆಯಲ್ಲಿದೆ; ಬಸುರಿ ಅಲ್ಲಿಗೆ ಹೊತ್ತಿಗೆ ಸರಿಯಾಗಿ ಹೋಗಬೇಕು, ಅಷ್ಟೆ.

ರಕ್ತ ಯಾವ ತಿಂಗಳಲ್ಲಿ ಕಾಣಿಸಿದರೂ ತೋರಿಸಬೇಕು. ನೋವಿಲ್ಲದೆ ಹೋಗುವ ರಕ್ತ ಅಪಾಯವಲ್ಲ ಎಂಬುದು ತಪ್ಪು. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕುಳಿತಾಗ ರಕ್ತ ನೋವಿಲ್ಲದೆಯೇ ಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ಕಿಬ್ಬೊಟ್ಟೆಯ ಒಂದು ಬದಿಗೆ ತೀವ್ರ ನೋವು, ತಲೆಸುತ್ತು ಬಂದರೆ ಗರ್ಭ ಗರ್ಭಕೋಶದ ಹೊರಗೆ ನಿಂತಿರಬಹುದು. ದಿನ ತುಂಬುವ ಮೊದಲೇ ನೀರು ಹೋಗತೊಡಗಿದರೆ, ನೋವು ಬರಲಿ ಎಂದು ಕಾಯಬಾರದು. ನೀರು ಒಡೆದ ಮೇಲೆ ಸೋಂಕಿಗೆ ಬಾಗಿಲು ತೆರೆದಿರುತ್ತದೆ. ಚಳಿ ಜ್ವರ, ನಡುಕ, ವಾಸನೆಯ ಸ್ರಾವ ಆ ಸೋಂಕಿನ ಗುರುತುಗಳು. ಮಗುವಿನ ಮಿಸುಕಾಟ ದಿನದ ರೂಢಿಗಿಂತ ಕಡಿಮೆಯಾಯಿತು ಎಂದು ತಾಯಿಗೆ ಅನಿಸಿದರೆ ಅವಳ ಮಾತೇ ಪ್ರಮಾಣ. ‘ದಿನ ಹತ್ತಿರ ಬಂದಾಗ ಕೂಸು ಸುಮ್ಮನಾಗುತ್ತದೆ’ ಎಂಬುದು ನಿಜವಲ್ಲ. ಒಂದೇ ಕಾಲು ಊದಿ ಮೀನಖಂಡ ನೋಯುವುದು, ಮಲಗಿದರೆ ಉಸಿರು ಕಟ್ಟುವುದು, ನೀರೂ ದಕ್ಕದಷ್ಟು ವಾಂತಿ, ಅಂಗೈ ಅಂಗಾಲುಗಳ ತಡೆಯಲಾರದ ತುರಿಕೆ, ಇವೂ ಮನೆಮದ್ದಿನ ವಿಷಯಗಳಲ್ಲ. ದೇಶದ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ. ಆದ್ದರಿಂದ ‘ಸುಸ್ತು’ ಎಂಬ ಮಾತನ್ನೂ ಹಗುರವಾಗಿ ಕಾಣುವಂತಿಲ್ಲ.

ಹೆರಿಗೆಯಾದೊಡನೆ ಗಂಡಾಂತರ ಕಳೆಯಿತು ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಸಾವುಗಳಲ್ಲಿ ಬಹಳಷ್ಟು ಆಗುವುದು ಅಲ್ಲಿಂದ ಮುಂದೆ. ಒಂದು ಗಂಟೆಯೊಳಗೆ ಬಟ್ಟೆಯೋ ಪ್ಯಾಡೋ ತೊಯ್ದುಹೋಗುವಷ್ಟು ರಕ್ತಸ್ರಾವ, ಜ್ವರ, ತಲೆನೋವು, ಕಣ್ಣು ಮಂಜಾಗುವುದು, ಬಾಣಂತಿಯಲ್ಲೂ ಇವು ಅಪಾಯದ ಸೂಚನೆಗಳೇ. ಫಿಟ್ಸ್ ಹೆರಿಗೆಯ ಬಳಿಕವೂ ಬರಬಹುದು. ರಾತ್ರಿಯಿಡೀ ನಿದ್ದೆಯಿಲ್ಲದೆ, ಸಂಬಂಧವಿಲ್ಲದ ಮಾತಾಡುವ, ಮಗುವನ್ನು ಕಂಡು ಹೆದರುವ ಬಾಣಂತಿಗೆ ‘ಸನ್ನಿ’ ಎಂದು ಹೆಸರಿಟ್ಟು ಕೋಣೆಯ ಬಾಗಿಲು ಎಳೆಯುವ ಬದಲು ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಅದಕ್ಕೂ ಚಿಕಿತ್ಸೆಯಿದೆ, ಗುಣವೂ ಆಗುತ್ತದೆ.

ಇಷ್ಟನ್ನು ತಿಳಿದುಕೊಂಡರೆ ಸಾಕೆ? ಸಾಲದು ಎಂಬುದಕ್ಕೆ ಕನ್ನಡದ ಮನೆಯೊಂದು ತೆತ್ತ ಬೆಲೆ ಸಾಕ್ಷಿ. ಬೆಳಗಾವಿಯ ಸವಿತಾ ಹಾಲಪ್ಪನವರ್ ದಂತವೈದ್ಯೆ. ಗಂಡನೊಡನೆ ಐರ್ಲೆಂಡಿನ ಗಾಲ್ವೇ ನಗರದಲ್ಲಿದ್ದವರು. 2012ರ ಅಕ್ಟೋಬರ್ 21ರಂದು, ಹದಿನೇಳು ವಾರದ ಗರ್ಭಿಣಿ, ಬೆನ್ನುನೋವೆಂದು ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಎಂದು ವೈದ್ಯರಿಗೆ ತಿಳಿದಿತ್ತು, ನೀರೂ ಒಡೆಯಿತು. ಗರ್ಭವನ್ನು ತೆಗೆದುಬಿಡಿ ಎಂದು ಆಕೆ ಕೇಳಿದರು. ಭ್ರೂಣದ ಎದೆಬಡಿತ ಇರುವವರೆಗೆ ಸಾಧ್ಯವಿಲ್ಲ ಎಂಬ ಉತ್ತರ ಬಂದಿತು. 24ರ ಬೆಳಗಿನ ಜಾವ ಚಳಿಯಿಂದ ನಡುಗಿದಾಗ ಹೊದಿಕೆಯೊಂದನ್ನು ಕೊಡಲಾಯಿತು. ಅದು ರಕ್ತಕ್ಕಿಳಿದ ಸೋಂಕಿನ ನಡುಕವಾಗಿತ್ತು. 28ರಂದು, ಮೂವತ್ತೊಂದನೆಯ ವಯಸ್ಸಿನಲ್ಲಿ, ಸವಿತಾ ತೀರಿಕೊಂಡರು. ಮುಂದೆ ನಡೆದ ಅಧಿಕೃತ ತನಿಖೆ, ಆಕೆಯ ಆರೈಕೆಯಲ್ಲಿ ಕೈತಪ್ಪಿದ ಹದಿಮೂರು ಅವಕಾಶಗಳನ್ನು ಎಣಿಸಿತು. ಆ ದೇಶ ಮರುವರ್ಷವೇ ಗರ್ಭಿಣಿಯರ ನಾಡಿ, ಉಸಿರು, ಜ್ವರ, ರಕ್ತದೊತ್ತಡಗಳನ್ನು ಒಂದೇ ಪಟ್ಟಿಯಲ್ಲಿ ಗುರುತಿಸಿ ಅಪಾಯವನ್ನು ಮುಂಚಿತವಾಗಿ ಕಾಣುವ ವ್ಯವಸ್ಥೆಯನ್ನು ತಂದಿತು. 2018ರಲ್ಲಿ ಜನಮತದ ಮೂಲಕ ಸಂವಿಧಾನವನ್ನೇ ತಿದ್ದಿತು.

ಸವಿತಾ ವಿದ್ಯಾವಂತೆ, ಸ್ವತಃ ವೈದ್ಯಕೀಯದ ಪರಿಚಯವಿದ್ದವರು, ಆಸ್ಪತ್ರೆಯೊಳಗೇ ಇದ್ದವರು, ಬಾಯಿ ಬಿಟ್ಟು ಕೇಳಿದವರು. ಅವರ ವಿಷಯದಲ್ಲಿ ಮೊದಲ ಎರಡು ವಿಳಂಬಗಳೂ ಇರಲಿಲ್ಲ. ಆದ್ದರಿಂದ ತಿಳಿವಳಿಕೆಯ ಹೊರೆಯನ್ನೆಲ್ಲ ಬಸುರಿಯ ತಲೆಗೆ ಕಟ್ಟಿ, ಸತ್ತರೆ ‘ತಡಮಾಡಿ ತಂದಿರಿ’ ಎಂದು ಮನೆಯವರನ್ನು ದೂರುವುದು ಅನ್ಯಾಯವಾಗುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಬೆನ್ನಿಗೆ ಒಬ್ಬರು ತೀರಿಕೊಂಡಾಗ, ಅವರಿಗೆ ಏರಿಸಿದ ಡ್ರಿಪ್ಪಿನ ಗುಣಮಟ್ಟದ ಬಗ್ಗೆಯೇ ಪ್ರಶ್ನೆ ಎದ್ದಿತು. ಆ ಹೆಣ್ಣುಮಕ್ಕಳು ಹೊತ್ತಿಗೆ ಸರಿಯಾಗಿಯೇ ಆಸ್ಪತ್ರೆಗೆ ಬಂದಿದ್ದರು.

ಇನ್ನೊಂದು ಘಟನೆ ನಮ್ಮಂಥ ವಲಸಿಗರ ಎದೆಗೆ ನೇರವಾಗಿ ನಾಟುವಂಥದ್ದು. 2022ರ ನವೆಂಬರ್ ಮೊದಲ ವಾರ ತುಮಕೂರಿನಲ್ಲಿ, ತಮಿಳುನಾಡಿನಿಂದ ಬಂದು ನೆಲೆಸಿದ್ದ ಬಡ ಗರ್ಭಿಣಿಯೊಬ್ಬಳು ನೋವು ತಿನ್ನುತ್ತ ಆಸ್ಪತ್ರೆಗೆ ಹೋದಳು. ತಾಯಿ ಕಾರ್ಡ್ ಇಲ್ಲ, ಆಧಾರ್ ಇಲ್ಲ ಎಂದು ದಾಖಲಿಸಿಕೊಳ್ಳದೆ ಮರಳಿ ಕಳಿಸಿದರೆಂಬ ಆರೋಪ ಬಂದಿತು. ಮನೆಯಲ್ಲೇ ಅವಳೂ ಅವಳಿ ಶಿಶುಗಳೂ ಸತ್ತವು. ಸಿಬ್ಬಂದಿ ಅಮಾನತಾದರು. ಕನ್ನಡ ನಾಡಿನಲ್ಲಿ ಅವಳು ಪರಭಾಷಿಕಳು, ಪರರಾಜ್ಯದವಳು. ಮುಂಬಯಿಯಲ್ಲಿ ನಾವೂ ಅದೇ. ಕಾಗದವಿಲ್ಲದ, ಭಾಷೆ ಬಾರದ ಬಸುರಿ ಎಲ್ಲಿ ನಿಂತರೂ ಅವಳು ನಮ್ಮವಳೇ ಎಂದು ನಾವು ಒಪ್ಪದೆ ಹೋದರೆ, ಮುಂಬಯಿಯ ಕಿಟಕಿಯ ಮುಂದೆ ನಮ್ಮವರಿಗೆ ಕರುಣೆ ಬೇಡುವ ಹಕ್ಕು ನಮಗೆಲ್ಲಿಯದು?

ಬರಿಯ ಪ್ರಚಾರದಿಂದ ಸಾವು ಇಳಿಯುವುದಿಲ್ಲ ಎಂಬುದನ್ನು ಸಂಶೋಧನೆಗಳೂ ಹೇಳಿವೆ. ಮುಂಬಯಿಯ 48 ಕೊಳೆಗೇರಿ ಪ್ರದೇಶಗಳಲ್ಲಿ 2006ರಿಂದ 2009ರವರೆಗೆ ಹೆಂಗಸರ ಗುಂಪುಗಳನ್ನು ಕಟ್ಟಿ, ಗರ್ಭ ಹೆರಿಗೆಗಳ ಬಗ್ಗೆ ಕೂಡಿ ಚರ್ಚಿಸುವ ದೊಡ್ಡ ಪ್ರಯೋಗವೊಂದು ನಡೆಯಿತು. ನವಜಾತ ಶಿಶುಗಳ ಸಾವಿನಲ್ಲಿ ನಿರೀಕ್ಷಿಸಿದ ಇಳಿಕೆ ಕಾಣಲಿಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ ಆಶಾ ಕಾರ್ಯಕರ್ತೆಯರೂ ದಾದಿಯರೂ ಬಸುರಿಯ ಮನೆಗೇ ಹೋಗಿ ರಕ್ತದೊತ್ತಡ ಅಳೆದು, ಅಪಾಯವನ್ನು ಗುರುತಿಸುವ ಪ್ರಯೋಗ ನಡೆಯಿತು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ಅದೇ ಬಗೆಯ ಪ್ರಯೋಗ. ಮೂರನ್ನೂ ಕೂಡಿಸಿ 2020ರಲ್ಲಿ ಲೆಕ್ಕ ನೋಡಿದಾಗ ಒಟ್ಟಾರೆ ಫಲ ಸ್ಪಷ್ಟವಾಗಿ ಕಾಣಲಿಲ್ಲ. ಆದರೆ ಎಂಟು ಅಥವಾ ಹೆಚ್ಚು ಬಾರಿ ಭೇಟಿಯಾದ ಗರ್ಭಿಣಿಯರಲ್ಲಿ ಅನಾಹುತಗಳು ಕಡಿಮೆಯಿದ್ದವು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿದ್ದೂ ಎಂಟು ಭೇಟಿಗಳನ್ನೇ. ಇದರಿಂದ ನಮಗೆ ಅರ್ಥವಾದದ್ದಿಷ್ಟು: ಒಂದು ಭಾಷಣ, ಒಂದು ಕರಪತ್ರ ಸಾಲದು. ಮತ್ತೆ ಮತ್ತೆ ಹೋಗಿ ಕೇಳುವ, ಅಳೆಯುವ, ಕೈಹಿಡಿದು ಕರೆದೊಯ್ಯುವ ಜನ ಬೇಕು. ಸೂಚನೆಯಿಂದ ಚಿಕಿತ್ಸೆಯವರೆಗಿನ ದಾರಿ ಮೊದಲೇ ನಿಶ್ಚಯವಾಗಿರಬೇಕು.

ನಮ್ಮ ವಿಷಯದಲ್ಲಿ ಆ ದಾರಿ ತುಂಡಾಗುವುದು ಎರಡು ಕಡೆ. ಒಂದು, ಭಾಷೆ. ಉತ್ತರ ಕರ್ನಾಟಕದ ಹೆಂಗಸಿನ ‘ಬ್ಯಾನಿ’, ಕರಾವಳಿಯವಳ ‘ತರೆಬೇನೆ’ ಇಲ್ಲಿನ ದಾದಿಗೆ ತಿಳಿಯುವುದಿಲ್ಲ. ನಮ್ಮ ‘ಸುಸ್ತು’ ಹಿಂದಿ ಬಲ್ಲವರ ಕಿವಿಯಲ್ಲಿ ಸೋಮಾರಿತನವಾಗಬಹುದು. ‘ಹೊಟ್ಟೆನೋವು’ ಎಂದರೆ ಯಾವ ಹೊಟ್ಟೆ, ಮೇಲೋ ಕೆಳಗೋ, ಬಿಟ್ಟುಬಿಟ್ಟೋ ಬಿಡದೆಯೋ ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾಲಿನಲ್ಲಿ ಹಿಂದಿನವರು ಮುಂದೆ ಬಂದಿರುತ್ತಾರೆ. ಅನೇಕ ಕಡೆ ಬಸುರಿಯ ಬದಲು ಗಂಡ ಮಾತಾಡುತ್ತಾನೆ. ಅವನಿಗೆ ಹೇಳಲು ಅವಳಿಗೆ ನಾಚಿಕೆಯಾದ ಸಂಗತಿ ಕಿಟಕಿಯನ್ನು ತಲುಪುವುದೇ ಇಲ್ಲ. ‘ಡೋಕೇ ಖೂಪ್ ದುಖತಂಯ’, ‘ಡೋಳ್ಯಾಂಪುಢೇ ಅಂಧಾರೀ ಯೇತೇ’, ‘ಅಂಗಾವರೂನ್ ಪಾಣಿ ಜಾತಂಯ’, ‘ಬಾಳಾಚೀ ಹಾಲಚಾಲ್ ಕಮೀ ಝಾಲೀ’. ತಲೆನೋವು, ಕಣ್ಣು ಕತ್ತಲಾಗುವುದು, ನೀರು ಹೋಗುವುದು, ಮಗುವಿನ ಮಿಸುಕಾಟ ತಗ್ಗುವುದು. ಈ ನಾಲ್ಕು ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ, ನಿನ್ನೆ ಊರಿಂದ ಬಂದ ಹುಡುಗಿಯೂ ಓದಿ ಹೇಳಬಲ್ಲಳು.

ಎರಡು, ತವರಿನ ಪ್ರಯಾಣ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ಒಳ್ಳೆಯ ಪದ್ಧತಿ. ಅದನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಆದರೆ ಏಳನೆಯ ತಿಂಗಳ ಸೀಮಂತ ಮುಗಿಸಿ ಹೊರಡುವ ಹೊತ್ತು, ನಂಜು ತಲೆಯೆತ್ತುವ ಹೊತ್ತೂ ಹೌದು. ಇಲ್ಲಿನ ವೈದ್ಯರ ಕಣ್ಣಿನಿಂದ ಅವಳು ಮರೆಯಾಗುತ್ತಾಳೆ, ಅಲ್ಲಿನವರ ಕಣ್ಣಿಗೆ ಇನ್ನೂ ಬಿದ್ದಿರುವುದಿಲ್ಲ. ನಡುವೆ ಹದಿನೈದು ದಿನವೋ ತಿಂಗಳೋ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಹೊರಡುವ ಮುನ್ನಾದಿನ ರಕ್ತದೊತ್ತಡ, ಮೂತ್ರ, ಹಿಮೋಗ್ಲೋಬಿನ್ ಪರೀಕ್ಷೆಯಾಗಲಿ. ತಾಯಿ-ಮಗು ಕಾರ್ಡ್, ಸ್ಕ್ಯಾನಿನ ವರದಿಗಳು, ರಕ್ತದ ಗುಂಪು ಅವಳ ಕೈಚೀಲದಲ್ಲೇ ಇರಲಿ, ಎಲ್ಲದರ ಚಿತ್ರ ಅವಳ ಮೊಬೈಲಿನಲ್ಲೂ ಇರಲಿ. ಊರು ತಲುಪಿದ ವಾರದೊಳಗೆ ಅಲ್ಲಿನ ಆಶಾ ಕಾರ್ಯಕರ್ತೆಯಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಲಿ. ರಾತ್ರಿ ಹೊತ್ತು ಸಿಸೇರಿಯನ್ ಮಾಡಬಲ್ಲ, ರಕ್ತ ಒದಗಿಸಬಲ್ಲ ಆಸ್ಪತ್ರೆ ಯಾವುದು, ಅದು ಎಷ್ಟು ದೂರ ಎಂಬುದನ್ನು ಹಗಲಲ್ಲೇ ಕೇಳಿಟ್ಟುಕೊಳ್ಳಲಿ. 108 ಎರಡೂ ರಾಜ್ಯಗಳಲ್ಲಿ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ವಾಹನ ಎಲ್ಲವೂ ಉಚಿತವೆಂಬ ಯೋಜನೆ 2011ರಿಂದ ದೇಶದಾದ್ಯಂತ ಇದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಕೇಂದ್ರಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆಯೂ ಇದೆ.

ಇಂಥ ಮಾತೆತ್ತಿದಾಗ ಬರುವ ಆಕ್ಷೇಪ ನಮಗೆ ಗೊತ್ತು. ಬಸುರಿಯ ಮುಂದೆ ಶುಭವನ್ನೇ ನುಡಿಯಬೇಕು, ಭಯ ಹುಟ್ಟಿಸಬಾರದು. ಈ ಆಕ್ಷೇಪದಲ್ಲಿ ಮಮತೆಯಿದೆ, ಹುರುಳೂ ಇದೆ. ಹೆಚ್ಚಿನ ಹೆರಿಗೆಗಳು ಸುಖವಾಗಿಯೇ ಆಗುತ್ತವೆ. ಪ್ರತಿ ತಲೆನೋವೂ ನಂಜಲ್ಲ. ಆದರೆ ಅಂದು ರಾತ್ರಿ ಕಣ್ಣು ಮಂಜಾದಾಗ ನಮ್ಮ ಹುಡುಗಿ ಹೆದರಲಿಲ್ಲವೇ? ಹೆದರಿದಳು, ಒಬ್ಬಳೇ ಹೆದರಿದಳು. ಮೂರು ದಿನ ‘ಇದ್ದದ್ದೇ’ ಎಂದವರ ಮುಂದೆ ನಾಲ್ಕನೆಯ ಬಾರಿ ಬಾಯಿ ತೆರೆಯಲು ಸಂಕೋಚಪಟ್ಟೆ ಎಂದು ಆಮೇಲೆ ಹೇಳಿದಳು. ಶುಭ ನುಡಿಯುವ ನಾವು ಅವಳ ಬಾಯಿಯನ್ನೇ ಕಟ್ಟಿದ್ದೆವು. ಆಸ್ಪತ್ರೆಗೆ ಹೋಗಿ ‘ಏನೂ ಇಲ್ಲ’ ಎನ್ನಿಸಿಕೊಂಡು ಮರಳಿದರೆ ಅದು ಅವಮಾನವಲ್ಲ, ಅರ್ಧ ದಿನದ ಖರ್ಚು ಮಾತ್ರ. ಹತ್ತು ಬಾರಿ ಹಾಗೆ ಮರಳಿದರೂ ಹನ್ನೊಂದನೆಯ ಬಾರಿಗೆ ಅವಳೊಡನೆ ಎದ್ದು ಹೊರಡುವ ಮನೆ ಅವಳಿಗೆ ಬೇಕು. ಹೊರಡಬೇಕೆಂಬ ಕೊನೆಯ ಮಾತು ಗಂಡನದೂ ಅಲ್ಲ, ಅತ್ತೆಯದೂ ಅಲ್ಲ, ಬಸುರಿಯದು. ನಮ್ಮ ಮನೆಗಳಲ್ಲಿ ಇದೊಂದನ್ನು ಒಪ್ಪಿಕೊಂಡರೆ ಮೊದಲ ವಿಳಂಬದ ಅರ್ಧ ಭಾಗ ಅಳಿಯುತ್ತದೆ.

ಸಯನ್, ಮಾಟುಂಗಾದಿಂದ ಹಿಡಿದು ಡೊಂಬಿವಲಿಯವರೆಗೆ ಈ ಮಹಾನಗರದಲ್ಲಿ ಕನ್ನಡದ ಸಂಘಗಳಿಗೆ ಕೊರತೆಯಿಲ್ಲ. ನಾವು ಕವಿಗೋಷ್ಠಿ ನಡೆಸುತ್ತೇವೆ, ಯಕ್ಷಗಾನ ಆಡಿಸುತ್ತೇವೆ, ಮಕ್ಕಳಿಗೆ ಅಕ್ಷರ ಕಲಿಸುತ್ತೇವೆ. ಅವುಗಳ ಜೊತೆಗೆ ಇಷ್ಟನ್ನು ಮಾಡಲಾಗದೆ? ಸೂಚನೆಗಳನ್ನೂ ಅವಕ್ಕೆ ಬೇಕಾದ ಮರಾಠಿ ಮಾತುಗಳನ್ನೂ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ, ಒಬ್ಬ ತಜ್ಞ ವೈದ್ಯರಿಂದ ತಿದ್ದಿಸಿ, ಸೀಮಂತದ ಮನೆಗಳಿಗೆ ಬಾಗಿನದ ಜೊತೆ ಕೊಡುವುದು. ಆಸ್ಪತ್ರೆಯಲ್ಲಿ ಮಾತು ದಾಟಿಸಲು ಕರೆದಾಗ ಬರುವ ಹತ್ತು ಜನರ ಹೆಸರು, ಫೋನ್ ಸಂಖ್ಯೆಗಳನ್ನು ಆ ಹಾಳೆಯ ಹಿಂದೆ ಬರೆಯುವುದು. ಹೋಟೆಲುಗಳಲ್ಲಿ, ಕಟ್ಟಡ ಕೆಲಸಗಳಲ್ಲಿ ದುಡಿಯಲು ಬಂದ ನಮ್ಮವರ ಕುಟುಂಬಗಳು ಸಂಘದ ಸಭಾಂಗಣಕ್ಕೆ ಬರುವುದಿಲ್ಲ. ಆ ಹಾಳೆ ಅವರಿದ್ದಲ್ಲಿಗೆ ಹೋಗಬೇಕು. ಒಮ್ಮೆ ಹೋದರೆ ಸಾಲದು, ಬೆಳಗಾವಿಯ ಪ್ರಯೋಗ ಕಲಿಸಿದಂತೆ ಮತ್ತೆ ಮತ್ತೆ ಹೋಗಬೇಕು.

ಅಂದು ಗಾಜಿನ ಪೆಟ್ಟಿಗೆಯಲ್ಲಿದ್ದ ಕೂಸು ಈಗ ಶಾಲೆಗೆ ಹೋಗುತ್ತಿದೆ. ಕಳೆದ ವರ್ಷ ಅದೇ ಮನೆಯಲ್ಲಿ ಇನ್ನೊಂದು ಸೀಮಂತವಿತ್ತು. ಬಳೆ ತೊಡಿಸುವ ಮೊದಲು ಅತ್ತೆಯವರೇ ರಕ್ತದೊತ್ತಡ ಅಳೆಯುವ ಯಂತ್ರವನ್ನು ತಂದು ಸೊಸೆಯ ತೋಳಿಗೆ ಕಟ್ಟಿದರು. ನಗುವವರು ನಕ್ಕರು. ಯಂತ್ರ 110/70 ಎಂದಿತು. ಆಮೇಲೆ ಬಳೆಗಳು ಒಂದೊಂದಾಗಿ, ಸೋಪಿನ ನೀರಿಲ್ಲದೆ, ಕೈಗೆ ಏರಿದವು.